ಸೈನ್ಯದಿಂದ ಬಂದವರ ಮನಸ್ಸಿಗೆ ಆರೈಕೆ: ಪುನರ್ವಸತಿ ನಿಲಯದ ನರ್ಸ್ ಕೆಲಸದಿಂದ ನಮಗೊಂದು ಪಾಠ



ಉಳಿತಾಯ, ಸಾಲ, ಮರುಪಾವತಿಯ ಲೆಕ್ಕದ ಜೊತೆಗೆ ಆರೋಗ್ಯದ ವಿಷಯವನ್ನೂ ನಾವು ಸಂಘದ ಸಭೆಗಳಲ್ಲಿ ಮಾತಾಡುತ್ತೇವೆ. ರಕ್ತಹೀನತೆ, ಸಕ್ಕರೆ ಕಾಯಿಲೆ, ಬಾಣಂತಿ ಆರೈಕೆ ಅಂದರೆ ಒಬ್ಬೊಬ್ಬರೂ ತಮ್ಮ ಅನುಭವ ಹೇಳುತ್ತಾರೆ. ಆದರೆ ಮನಸ್ಸಿನ ಕಾಯಿಲೆ ಅಂದ ಕೂಡಲೇ ಎಲ್ಲರೂ ಸುಮ್ಮನಾಗಿಬಿಡುತ್ತೇವೆ. "ನಮ್ಮನೇಲಿ ಅಂಥದ್ದೇನೂ ಇಲ್ಲ" ಎಂದು ಮಾತು ಮುಗಿಸುತ್ತೇವೆ.

ನಮ್ಮ ರಾಜ್ಯದ ಕೊಡಗು, ಬೆಳಗಾವಿ, ಧಾರವಾಡ ಮುಂತಾದ ಕಡೆಗಳಿಂದ ತಲೆಮಾರುಗಳಿಂದ ಗಂಡುಮಕ್ಕಳು ಸೈನ್ಯಕ್ಕೆ ಹೋಗುತ್ತಿದ್ದಾರೆ. ಹದಿನೈದು ಇಪ್ಪತ್ತು ವರ್ಷ ಸೇವೆ ಮಾಡಿ ಊರಿಗೆ ಬಂದವರನ್ನು ಹಾರ ಹಾಕಿ ಬರಮಾಡಿಕೊಳ್ಳುತ್ತೇವೆ. ಕೈಕಾಲಿಗೆ ಪೆಟ್ಟಾಗಿದ್ದರೆ ಅದು ಕಣ್ಣಿಗೆ ಕಾಣುತ್ತದೆ. ಮನಸ್ಸಿಗೆ ಪೆಟ್ಟಾಗಿದ್ದರೆ ಕಾಣುವುದಿಲ್ಲ. ರಾತ್ರಿ ನಿದ್ದೆ ಇಲ್ಲ, ಸಣ್ಣ ಶಬ್ದಕ್ಕೂ ಬೆಚ್ಚಿಬೀಳುವುದು, ಮನೆಯವರ ಮೇಲೆ ಸಿಟ್ಟು, ಕುಡಿತ. ಇದನ್ನೆಲ್ಲ ನೋಡಿಕೊಂಡು ಬಾಯಿ ಮುಚ್ಚಿಕೊಂಡಿರುವವಳು ಹೆಂಡತಿ ಅಥವಾ ತಾಯಿ.

ಇಂಥವರನ್ನು ನೋಡಿಕೊಳ್ಳುವುದು ಹೇಗೆ? ಅಮೆರಿಕ ದೇಶದಲ್ಲಿ ಮಾಜಿ ಸೈನಿಕರಿಗಾಗಿಯೇ ಮಾನಸಿಕ ಆರೋಗ್ಯದ ವಸತಿ ನಿಲಯಗಳಿವೆ. ಅಲ್ಲಿ ಹಗಲು ರಾತ್ರಿ ಅವರ ಜೊತೆ ಇರುವವರಲ್ಲಿ 'ಪ್ರಾಕ್ಟಿಕಲ್ ನರ್ಸ್' ಎಂಬ ದಾದಿಯರೂ ಇದ್ದಾರೆ. ಈ ಪಾಠದಲ್ಲಿ ಅವರ ಕೆಲಸವನ್ನು ತಿಳಿದುಕೊಳ್ಳೋಣ. ದೂರದ ದೇಶದ ಸಂಗತಿಯಾದರೂ ಅದರಲ್ಲಿ ನಮ್ಮ ಮನೆಗೆ ಬೇಕಾದ ಬುದ್ಧಿ ಬಹಳ ಇದೆ.

ಈ ನಿಲಯಗಳು ಹುಟ್ಟಿದ ಬಗೆ

ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. ಲಕ್ಷಗಟ್ಟಲೆ ಜನ ಸತ್ತರು. ಬದುಕಿ ಉಳಿದವರಲ್ಲಿ ಅನೇಕರು ಅಂಗವಿಕಲರಾಗಿ, ಮನೆ ಮಠ ಇಲ್ಲದೆ ಅಲೆಯುತ್ತಿದ್ದರು. ಇವರಿಗೆ ಆಸರೆ ನೀಡುವ ಕಾನೂನಿಗೆ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರು 1865ರ ಮಾರ್ಚ್ ತಿಂಗಳಲ್ಲಿ ಸಹಿ ಹಾಕಿದರು. ಮರುವರ್ಷ, ಅಂದರೆ 1866ರಲ್ಲಿ, ಮೇಯ್ನ್ ರಾಜ್ಯದ ಟೋಗಸ್ ಎಂಬಲ್ಲಿ ಮೊದಲನೆಯ ನಿಲಯ ಆರಂಭವಾಯಿತು. ಊಟ, ಬಟ್ಟೆ, ಹಾಸಿಗೆ, ವೈದ್ಯರು, ಜೊತೆಗೆ ಮಾಡಲು ಒಂದಿಷ್ಟು ಕೆಲಸ. ಆಗಿನ ಆಸರೆ ಇಷ್ಟೇ.

1930ರಲ್ಲಿ ಈ ನಿಲಯಗಳು ಮಾಜಿ ಸೈನಿಕರ ಆಡಳಿತ ಸಂಸ್ಥೆಯ ಕೆಳಗೆ ಬಂದವು. 1989ರಲ್ಲಿ ಆ ಸಂಸ್ಥೆಯೇ ಕೇಂದ್ರ ಸರ್ಕಾರದ ಒಂದು ಪೂರ್ಣ ಇಲಾಖೆಯಾಯಿತು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಕಷ್ಟ ನೋಡಿದ ಮೇಲೆ ವೈದ್ಯರ ಕಣ್ಣು ತೆರೆಯಿತು. ಭಯಾನಕ ಘಟನೆಗಳನ್ನು ಕಂಡು ಅನುಭವಿಸಿದ ಮೇಲೆ ಬರುವ ಮನಸ್ಸಿನ ಆಘಾತದ ಕಾಯಿಲೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಅಧಿಕೃತ ಕೈಪಿಡಿಯಲ್ಲಿ ಹೆಸರು ಕೊಟ್ಟಿತು. ಅದನ್ನೇ ಈಗ ಪಿಟಿಎಸ್‌ಡಿ ಎನ್ನುತ್ತಾರೆ. ಅಲ್ಲಿಯವರೆಗೆ ಇಂಥವರನ್ನು ಹೇಡಿ, ಕುಡುಕ, ಸೋಮಾರಿ ಎಂದು ಬೈಯುವುದೇ ನಡೆದಿತ್ತು. 1987ರಲ್ಲಿ ಮನೆಯಿಲ್ಲದೆ ಬೀದಿ ಪಾಲಾದ ಮಾಜಿ ಸೈನಿಕರಿಗಾಗಿ ಪ್ರತ್ಯೇಕ ವಸತಿ ಕಾರ್ಯಕ್ರಮವೂ ಆರಂಭವಾಯಿತು.

ಆಸ್ಪತ್ರೆಯೂ ಅಲ್ಲ, ಮನೆಯೂ ಅಲ್ಲ

ಈ ನಿಲಯದಲ್ಲಿ ಇರುವವರು ಹಾಸಿಗೆ ಹಿಡಿದ ರೋಗಿಗಳಲ್ಲ. ಎದ್ದು ಓಡಾಡುತ್ತಾರೆ. ತಮ್ಮ ಹಾಸಿಗೆ ತಾವೇ ಮಡಚುತ್ತಾರೆ, ಬಟ್ಟೆ ತಾವೇ ಒಗೆಯುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಗುಂಪು ಚರ್ಚೆ, ಸಮಾಲೋಚನೆ, ವ್ಯಾಯಾಮ, ಕೆಲಸದ ತರಬೇತಿ ಇರುತ್ತದೆ. ಕೆಲವರು ಕೆಲವು ವಾರ ಇರುತ್ತಾರೆ, ಕೆಲವರು ಕೆಲವು ತಿಂಗಳು. ಆಘಾತದ ಕಾಯಿಲೆ, ಖಿನ್ನತೆ, ಕುಡಿತ ಮತ್ತು ಮಾದಕ ವಸ್ತುಗಳ ಚಟ, ಮನೆಯಿಲ್ಲದಿರುವುದು ಇವೇ ಮುಖ್ಯ ತೊಂದರೆಗಳು. ಒಬ್ಬರಲ್ಲೇ ಇವು ಎರಡು ಮೂರು ಸೇರಿಕೊಂಡಿರುವುದೂ ಉಂಟು.

ಆಸ್ಪತ್ರೆಯಲ್ಲಿ ಎಲ್ಲವನ್ನೂ ಬೇರೆಯವರು ಮಾಡಿಕೊಡುತ್ತಾರೆ. ಮನೆಗೆ ಹೋದ ಮೇಲೆ ಎಲ್ಲವನ್ನೂ ತಾನೇ ಮಾಡಿಕೊಳ್ಳಬೇಕು. ಈ ಎರಡರ ನಡುವೆ ಒಂದು ಮೆಟ್ಟಿಲು ಬೇಕು ಅಲ್ಲವೇ? ಆ ಮೆಟ್ಟಿಲೇ ಈ ನಿಲಯ. ಇಲ್ಲಿನ ಆರೈಕೆಯ ಮುಖ್ಯ ಮಾತು ಒಂದೇ: ಅವರ ಕೆಲಸವನ್ನು ನಾವು ಮಾಡಿಕೊಡುವುದಲ್ಲ, ಪಕ್ಕದಲ್ಲಿ ನಿಂತು ಅವರ ಕೈಯಿಂದಲೇ ಮಾಡಿಸುವುದು. ಈ ಪಾಠದಲ್ಲಿ ಬೇರೆಲ್ಲ ಮರೆತರೂ ಈ ಮಾತನ್ನು ಮರೆಯಬಾರದು.

ಪ್ರಾಕ್ಟಿಕಲ್ ನರ್ಸ್ ಅಂದರೆ ಯಾರು?

ಅಮೆರಿಕದಲ್ಲಿ ಸುಮಾರು ಒಂದು ವರ್ಷದ ತರಬೇತಿ ಪಡೆದು, ಪರೀಕ್ಷೆ ಪಾಸಾಗಿ, ಪರವಾನಗಿ ಪಡೆದವರನ್ನು ಪ್ರಾಕ್ಟಿಕಲ್ ನರ್ಸ್ ಎನ್ನುತ್ತಾರೆ. ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಇವರನ್ನೇ 'ವೊಕೇಶನಲ್ ನರ್ಸ್' ಎಂದು ಕರೆಯುತ್ತಾರೆ. ಇವರಿಗಿಂತ ಹೆಚ್ಚು ಓದಿದ ರಿಜಿಸ್ಟರ್ಡ್ ನರ್ಸ್ ಆರೈಕೆಯ ಯೋಜನೆ ಹಾಕುತ್ತಾರೆ. ವೈದ್ಯರು ಔಷಧ ಬರೆಯುತ್ತಾರೆ. ಪ್ರಾಕ್ಟಿಕಲ್ ನರ್ಸ್ ಅವರ ಕೈಕೆಳಗೆ ಕೆಲಸ ಮಾಡುತ್ತಾರೆ. ಬಿ.ಪಿ. ನೋಡುವುದು, ಸಕ್ಕರೆ ಪರೀಕ್ಷೆ, ಗಾಯಕ್ಕೆ ಪಟ್ಟಿ, ಮಾತ್ರೆ ಕೊಡುವುದು, ಗಮನಿಸುವುದು, ಬರೆದಿಡುವುದು, ಮೇಲಿನವರಿಗೆ ತಿಳಿಸುವುದು ಇವರ ಕೆಲಸ.

ಹುದ್ದೆಯಲ್ಲಿ ಕೆಳಗಿನವರಾದರೂ ನಿವಾಸಿಗಳ ಪಕ್ಕದಲ್ಲಿ ಹೆಚ್ಚು ಹೊತ್ತು ಇರುವವರು ಇವರೇ. ವೈದ್ಯರು ನೋಡುವುದು ಸ್ವಲ್ಪ ಹೊತ್ತು. ರಾತ್ರಿ ಎರಡು ಗಂಟೆಗೆ ಕಾರಿಡಾರಿನಲ್ಲಿ ಅಡ್ಡಾಡುತ್ತಿರುವವರನ್ನು ನೋಡುವುದು ಪಾಳಿಯ ನರ್ಸ್. ನಮ್ಮ ಮನೆಗಳಲ್ಲೂ ಹೀಗೇ. ಡಾಕ್ಟರು ತಿಂಗಳಿಗೊಮ್ಮೆ ನೋಡುತ್ತಾರೆ, ನಾವು ದಿನಾ ನೋಡುತ್ತೇವೆ. ಆದ್ದರಿಂದ ನಾವು ಕಂಡದ್ದನ್ನು ಸರಿಯಾಗಿ ಹೇಳುವುದು ಬಹಳ ಮುಖ್ಯ.

ನೋಡುವುದು, ಬರೆಯುವುದು

ಪಾಳಿ ಆರಂಭವಾದ ಕೂಡಲೇ ನರ್ಸ್ ಪ್ರತಿಯೊಬ್ಬರನ್ನೂ ಕಣ್ಣಾರೆ ನೋಡಿ ಬರುತ್ತಾರೆ. ಏನನ್ನು ನೋಡುತ್ತಾರೆ?

* ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದರು
* ಊಟ ಮಾಡಿದರೋ, ತಟ್ಟೆ ಹಾಗೇ ಬಿಟ್ಟರೋ
* ಸ್ನಾನ ಮಾಡಿದರೋ, ನಿನ್ನೆಯ ಬಟ್ಟೆಯಲ್ಲೇ ಇದ್ದಾರೋ
* ಮಾತು ಎಂದಿನಂತಿದೆಯೋ, ಕಡಿಮೆಯಾಗಿದೆಯೋ, ಅತಿಯಾಗಿದೆಯೋ
* ಕೈ ನಡುಕ, ಬೆವರು, ತೂಕಡಿಕೆ ಇದೆಯೇ
* ಗುಂಪಿನಿಂದ ದೂರ ಉಳಿಯುತ್ತಿದ್ದಾರೆಯೇ

ಮನಸ್ಸಿನ ಕಾಯಿಲೆ ಮತ್ತೆ ಕೆರಳುವುದು ಹೆಚ್ಚಾಗಿ ಒಂದೇ ದಿನದಲ್ಲಿ ಅಲ್ಲ. ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ಊಟ, ಆಮೇಲೆ ಸ್ನಾನ. ಈ ಚಿಕ್ಕ ಬದಲಾವಣೆಗಳನ್ನು ಮೊದಲ ವಾರದಲ್ಲೇ ಗುರುತಿಸಿದರೆ ದೊಡ್ಡ ಆಪತ್ತು ತಪ್ಪುತ್ತದೆ.

ಬರೆಯುವುದರಲ್ಲೂ ಒಂದು ಶಿಸ್ತಿದೆ. "ಇವರು ಹಠಮಾರಿ" ಎಂದು ಬರೆಯಬಾರದು. "ರಾತ್ರಿ 9 ಗಂಟೆಗೆ ಮಾತ್ರೆ ಬೇಡ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ತಲೆ ತಿರುಗುತ್ತದೆ ಎಂದರು. ಬಿ.ಪಿ. ನೋಡಿ ಹಿರಿಯ ನರ್ಸ್‌ಗೆ ತಿಳಿಸಲಾಯಿತು" ಎಂದು ಬರೆಯಬೇಕು. ಮೊದಲನೆಯದು ನಮ್ಮ ಅಭಿಪ್ರಾಯ, ಎರಡನೆಯದು ನಡೆದ ಸಂಗತಿ. ಸಂಗತಿ ಗೊತ್ತಾದರೆ ವೈದ್ಯರು ಮಾತ್ರೆ ಬದಲಿಸಬಹುದು, 'ಹಠಮಾರಿ' ಎಂಬ ಮಾತಿನಿಂದ ಏನು ಮಾಡಲಾದೀತು?

ನಮ್ಮ ಸಂಘದಲ್ಲಿ ನಡಾವಳಿ ಪುಸ್ತಕ ಇಡುವುದಿಲ್ಲವೇ? ಅದೇ ರೀತಿ ಮನೆಯಲ್ಲೂ ಒಂದು ಸಣ್ಣ ನೋಟ್‌ಬುಕ್ ಇಡಬಹುದು. ತಾರೀಕು, ನಿದ್ದೆ, ಊಟ, ಮಾತ್ರೆ, ವಿಶೇಷ. ದಿನಕ್ಕೆ ಎರಡು ಸಾಲು ಸಾಕು. ಡಾಕ್ಟರ ಮುಂದೆ "ಏನೋ ಒಂಥರಾ ಆಡ್ತಾರೆ ಸಾರ್" ಎನ್ನುವ ಬದಲು ಈ ಪುಸ್ತಕ ತೋರಿಸಿದರೆ ಸಾಕು.

ಮಾತ್ರೆಯ ಮೂರು ಮೆಟ್ಟಿಲು

ಮನೆಗೆ ಹೋದ ಮೇಲೆ ಮಾತ್ರೆಯನ್ನು ತಾನೇ ನೆನಪಿಟ್ಟು ತೆಗೆದುಕೊಳ್ಳಬೇಕು. ಅದಕ್ಕಾಗಿ ಈ ನಿಲಯಗಳಲ್ಲಿ ಹಂತ ಹಂತವಾಗಿ ಅಭ್ಯಾಸ ಮಾಡಿಸುತ್ತಾರೆ.

ಮೊದಲ ಮೆಟ್ಟಿಲು: ಮಾತ್ರೆಗಳೆಲ್ಲ ನರ್ಸ್ ಬಳಿ ಬೀಗದೊಳಗೆ. ಹೊತ್ತು ಹೊತ್ತಿಗೆ ನರ್ಸ್ ಕೊಡುತ್ತಾರೆ, ನುಂಗಿದ್ದನ್ನು ನೋಡುತ್ತಾರೆ.

ಎರಡನೇ ಮೆಟ್ಟಿಲು: ಕೆಲವು ದಿನಕ್ಕಾಗುವಷ್ಟು ಮಾತ್ರೆಯನ್ನು ನಿವಾಸಿಯ ಕೈಗೆ ಕೊಡುತ್ತಾರೆ. ಅವರು ತಮ್ಮ ಕೋಣೆಯ ಬೀಗದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ತಾವೇ ತೆಗೆದುಕೊಳ್ಳುತ್ತಾರೆ. ನರ್ಸ್ ಬಂದು ಎಣಿಸಿ ನೋಡುತ್ತಾರೆ. ತಪ್ಪಿದ್ದರೆ ಬೈಯುವುದಿಲ್ಲ. ಯಾವ ಹೊತ್ತಿನದು ತಪ್ಪಿತು, ಯಾಕೆ ತಪ್ಪಿತು ಎಂದು ಕೇಳುತ್ತಾರೆ.

ಮೂರನೇ ಮೆಟ್ಟಿಲು: ಪೂರ್ತಿ ಜವಾಬ್ದಾರಿ ಅವರದೇ. ಮಾತ್ರೆಯ ಹೆಸರು, ಯಾತಕ್ಕೆ, ಎಷ್ಟು, ಯಾವಾಗ, ಏನು ಅಡ್ಡಪರಿಣಾಮ, ಇದನ್ನೆಲ್ಲ ಅವರೇ ಬಾಯಿಬಿಟ್ಟು ಹೇಳಬಲ್ಲವರಾಗಬೇಕು.

ಎಲ್ಲರೂ ಒಂದೇ ವೇಗದಲ್ಲಿ ಮೆಟ್ಟಿಲು ಹತ್ತುವುದಿಲ್ಲ. ಸಾಯುವ ಯೋಚನೆ ಇರುವವರ ಕೈಗೆ ಹೆಚ್ಚು ಮಾತ್ರೆ ಕೊಡಬಾರದು. ಒಮ್ಮೆ ಮೇಲೆ ಹತ್ತಿದವರು ಕೆಳಗೆ ಬರಬೇಕಾಗುವುದೂ ಉಂಟು. ಅದು ಸೋಲಲ್ಲ.

ಮಾತ್ರೆಗಳ ಬಗ್ಗೆ ನಮಗೂ ತಿಳಿದಿರಬೇಕಾದ ಕೆಲವು ಸಂಗತಿಗಳು:

* ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. "ನಾಲ್ಕು ದಿನ ನುಂಗಿದ್ರು, ಏನೂ ಆಗ್ಲಿಲ್ಲ" ಎಂದು ಬಿಡಿಸಬಾರದು.
* ಗುಣವಾಯಿತು ಎಂದು ತಾವಾಗಿಯೇ ನಿಲ್ಲಿಸಬಾರದು. ನಿಲ್ಲಿಸುವುದಿದ್ದರೆ ಡಾಕ್ಟರು ಹೇಳಿದಂತೆ ನಿಧಾನವಾಗಿ ಕಡಿಮೆ ಮಾಡಬೇಕು.
* ಕೆಟ್ಟ ಕನಸಿಗೆ ಕೊಡುವ ಪ್ರಾಜೋಸಿನ್ ಎಂಬ ಮಾತ್ರೆ ಬಿ.ಪಿ. ಇಳಿಸುತ್ತದೆ. ಅದಕ್ಕೇ ನರ್ಸ್ ಮಲಗಿದ್ದಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ಬಿ.ಪಿ. ನೋಡುತ್ತಾರೆ. ಮನೆಯಲ್ಲಾದರೆ ಹಾಸಿಗೆಯಿಂದ ತಟಕ್ಕನೆ ಏಳದೆ, ಒಂದೆರಡು ನಿಮಿಷ ಕೂತು ಆಮೇಲೆ ಏಳಬೇಕು.
* ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಆಗಾಗ ರಕ್ತ ಪರೀಕ್ಷೆ ಬೇಕು. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ ಅದು ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ನಡಿಗೆ ತಪ್ಪುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರಾತ್ರಿಯ ಹೊತ್ತು

ಯುದ್ಧ ಕಂಡವರಿಗೆ ಹಗಲಿಗಿಂತ ರಾತ್ರಿ ಕಷ್ಟ. ನಿದ್ದೆಯಲ್ಲಿ ಅವರು ಮತ್ತೆ ಆ ಜಾಗಕ್ಕೇ ಹೋಗುತ್ತಾರೆ. ಆಗ ಯಾರಾದರೂ ಮೈಮುಟ್ಟಿ ಅಲುಗಾಡಿಸಿದರೆ ಶತ್ರು ಬಂದ ಎಂದುಕೊಂಡು ಕೈ ಬೀಸಬಹುದು, ಕತ್ತು ಹಿಡಿಯಬಹುದು. ಎಚ್ಚರವಾದ ಮೇಲೆ ಅವರಿಗೇ ಅಳು, ನಾಚಿಕೆ.

ಆದ್ದರಿಂದ ರಾತ್ರಿ ಪಾಳಿಯ ನರ್ಸ್ ಹಾಸಿಗೆಯ ತಲೆಭಾಗಕ್ಕೆ ಹೋಗುವುದಿಲ್ಲ. ಕಾಲಿನ ಕಡೆ, ಒಂದೆರಡು ಹೆಜ್ಜೆ ದೂರ ನಿಂತು ಹೆಸರು ಹಿಡಿದು ಸಮಾಧಾನದ ಧ್ವನಿಯಲ್ಲಿ ಕರೆಯುತ್ತಾರೆ. ತಾವು ಯಾರು, ಇದು ಯಾವ ಜಾಗ ಎಂದು ಹೇಳುತ್ತಾರೆ. ಟಾರ್ಚನ್ನು ಮುಖಕ್ಕೆ ಬಿಡುವುದಿಲ್ಲ. ಪೂರ್ತಿ ಎಚ್ಚರವಾದ ಮೇಲೆ ನೀರು ಕೊಟ್ಟು ಸ್ವಲ್ಪ ಹೊತ್ತು ಜೊತೆ ಕೂರುತ್ತಾರೆ. "ಏನು ಕನಸು ಬಿತ್ತು, ಹೇಳಿ" ಎಂದು ಒತ್ತಾಯ ಮಾಡುವುದಿಲ್ಲ.

ನಾವೂ ಇದನ್ನೇ ಮಾಡಬಹುದು. ದೂರದಿಂದ, "ರೀ, ನಾನು ಇಲ್ಲೇ ಇದೀನಿ. ನೀವು ನಮ್ಮನೇಲೇ ಇದೀರಿ. ಕನಸು ಅಷ್ಟೇ" ಎಂದು ಹೇಳಿ. ಮಕ್ಕಳಿಗೂ ತಿಳಿಸಿ: ಅಪ್ಪ ಮಲಗಿದ್ದಾಗ ಮೇಲೆ ಬಿದ್ದು ಎಬ್ಬಿಸಬೇಡಿ, ಬಾಗಿಲ ಹತ್ತಿರ ನಿಂತು ಕರೆಯಿರಿ. ದೀಪಾವಳಿಯ ಪಟಾಕಿ, ಜಾತ್ರೆಯ ಕದಿನಿ ಇಂಥವು ಇದ್ದಾಗ ಮೊದಲೇ ಹೇಳಿಡಿ. ಮೊದಲೇ ಗೊತ್ತಿದ್ದರೆ ಬೆಚ್ಚಿಬೀಳುವುದು ಕಡಿಮೆ.

ಕುಡಿತದ ವಿಷಯ

ನಿದ್ದೆ ಬರಲಿ ಎಂದು ಕುಡಿಯಲು ತೊಡಗುತ್ತಾರೆ. ಕುಡಿತ ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತದೆ. ಅನೇಕ ನಿಲಯಗಳಲ್ಲಿ ಹೊರಗೆ ಹೋಗಿ ಬಂದವರ ಉಸಿರಿನ ಪರೀಕ್ಷೆ, ಮೂತ್ರ ಪರೀಕ್ಷೆ ಮಾಡುತ್ತಾರೆ. ಅವಮಾನ ಮಾಡುವುದಕ್ಕಲ್ಲ, ಜೊತೆಗಿರುವ ಎಲ್ಲರ ಕ್ಷೇಮಕ್ಕಾಗಿ. ಮತ್ತೆ ಕುಡಿದವರನ್ನು ಬೈಯುವುದರ ಬದಲು ಹಿಂದಿನ ದಿನ ಏನಾಯಿತು ಎಂದು ಜೊತೆಗೆ ಕೂತು ಹುಡುಕುತ್ತಾರೆ.

ಇಲ್ಲಿ ಒಂದು ಜೀವ ಉಳಿಸುವ ಸಂಗತಿ ಇದೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿಯುವವರು ಒಂದೇ ಸಲಕ್ಕೆ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ ಬರಬಹುದು. ಕೊನೆಯ ಸಲ ಕುಡಿದು ಆರು ಗಂಟೆಯ ನಂತರ, ಮೊದಲ ದಿನದಲ್ಲೇ, ಕೈ ನಡುಕ, ಬೆವರು, ಗಾಬರಿ, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ, ಜ್ವರ ಬರುತ್ತದೆ. ಇದನ್ನು ದೆವ್ವ ಮೆಟ್ಟಿಕೊಂಡಿತು ಎಂದು ಮಂತ್ರವಾದಿಯ ಬಳಿ ಒಯ್ಯುತ್ತಾ ಕುಳಿತರೆ ಜೀವವೇ ಹೋಗಬಹುದು. ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಆದ್ದರಿಂದ ಬಿಡಿಸುವ ಮೊದಲೇ ವೈದ್ಯರನ್ನು ಕಂಡು, ಅವರ ಮೇಲ್ವಿಚಾರಣೆಯಲ್ಲೇ ಬಿಡಿಸಬೇಕು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಹತ್ತಿರವಿರುವ ಚೂಪಾದ ವಸ್ತು ಸರಿಸಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ.

ಇನ್ನೊಂದು ಮಾತು. "ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡುತ್ತಾರೆ" ಎಂದು ಪುಡಿ, ಮಾತ್ರೆ ಮಾರುವವರಿದ್ದಾರೆ. ಡೈಸಲ್ಫಿರಾಮ್ ಎಂಬ ಔಷಧ ಇದೆ, ನಿಜ. ಅದನ್ನು ತೆಗೆದುಕೊಂಡ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿತ ಏರಿ, ವಾಂತಿಯಾಗಿ, ಕೆಲವರಿಗೆ ಬಿ.ಪಿ. ಕುಸಿದು ಪ್ರಾಣಾಪಾಯವೂ ಆಗಬಹುದು. ಅದಕ್ಕೇ ಇದನ್ನು ಅವರಿಗೆ ತಿಳಿಸಿ, ಅವರು ಒಪ್ಪಿದ ಮೇಲೆ, ಡಾಕ್ಟರ ಸಲಹೆಯಂತೆ ಮಾತ್ರ ಕೊಡಬೇಕು. ಕದ್ದುಮುಚ್ಚಿ ಎಂದೂ ಕೊಡಬಾರದು.

ಸಾಯುವ ಮಾತು ಬಂದಾಗ

"ನಾನು ಇದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ನಾವು "ಬಿಡ್ತು ಅನ್ನಿ, ಅಪಶಕುನದ ಮಾತಾಡಬೇಡಿ" ಎಂದು ಬಾಯಿ ಮುಚ್ಚಿಸುತ್ತೇವೆ. ನರ್ಸ್ ಹಾಗೆ ಮಾಡುವುದಿಲ್ಲ. ಹತ್ತಿರ ಕೂತು ನೇರವಾಗಿ ಕೇಳುತ್ತಾರೆ: "ಸಾಯಬೇಕು ಅಂತ ಯೋಚನೆ ಬರ್ತಿದೆಯಾ? ಹೇಗೆ ಅಂತ ಏನಾದರೂ ಯೋಚಿಸಿದ್ದೀರಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳುವಳಿಕೆ. ಕೇಳಿದಾಗ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಅವರನ್ನು ಒಬ್ಬರೇ ಬಿಡದೆ, ಹಿರಿಯರಿಗೆ ಕೂಡಲೇ ತಿಳಿಸುತ್ತಾರೆ. "ಯಾರಿಗೂ ಹೇಳಬೇಡಿ" ಎಂದರೂ ಈ ಗುಟ್ಟನ್ನು ಇಟ್ಟುಕೊಳ್ಳುವುದಿಲ್ಲ.

ಅಮೆರಿಕದ ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 'ಸುರಕ್ಷತಾ ಯೋಜನೆ' ಎಂಬ ಸರಳ ಪತ್ರವನ್ನು ರೂಪಿಸಿದರು. ಅದನ್ನು ಸಮಾಧಾನವಾಗಿರುವಾಗ, ಅವರ ಜೊತೆ ಕೂತು, ಅವರ ಮಾತಿನಲ್ಲೇ ಬರೆಯಬೇಕು. ಆರು ಹೆಜ್ಜೆಗಳಿವೆ:

1. ನನಗೆ ಕಷ್ಟ ಶುರುವಾಗುತ್ತಿದೆ ಎಂಬುದರ ಗುರುತುಗಳು
2. ಆಗ ನಾನೊಬ್ಬನೇ ಮಾಡಬಹುದಾದದ್ದು (ನಡಿಗೆ, ತೋಟದ ಕೆಲಸ, ಹಾಡು ಕೇಳುವುದು)
3. ಮನಸ್ಸು ಬೇರೆ ಕಡೆ ತಿರುಗಿಸುವ ಜನ ಮತ್ತು ಜಾಗ
4. ನಾನು ಸಹಾಯ ಕೇಳಬಹುದಾದವರ ಹೆಸರು, ಫೋನ್ ನಂಬರ್
5. ಡಾಕ್ಟರು, ಆಸ್ಪತ್ರೆ, ಸಹಾಯವಾಣಿಯ ನಂಬರ್
6. ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಇಡುವುದು

ಇದು ಬರೀ ಕಾಗದ ಎಂದುಕೊಳ್ಳಬೇಡಿ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ಮಾಜಿ ಸೈನಿಕರಿಗೆ ಈ ಯೋಜನೆ ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಾ ಇದ್ದರು. ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ನಡವಳಿಕೆ ಇತರರಿಗಿಂತ ಸುಮಾರು 45 ಶೇಕಡಾ ಕಡಿಮೆ ಕಂಡುಬಂತು.

ಆರನೇ ಹೆಜ್ಜೆ ಬಹಳ ಮುಖ್ಯ. ಅಮೆರಿಕದಲ್ಲಿ ಮಾಜಿ ಸೈನಿಕರ ಆತ್ಮಹತ್ಯೆಗಳಲ್ಲಿ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕಿನಿಂದ ಆಗುತ್ತವೆ. ಕೊಡಗಿನಲ್ಲಿ ಮನೆಯಲ್ಲಿ ಕೋವಿ ಇರುವುದು ಸಂಪ್ರದಾಯ. ಬೇರೆ ಕಡೆ ಗದ್ದೆ ತೋಟಕ್ಕೆ ತಂದ ಕೀಟನಾಶಕ ಅಟ್ಟದ ಮೇಲೆ ಇರುತ್ತದೆ. ಸಾಯುವ ಆವೇಶ ಅನೇಕರಲ್ಲಿ ಸ್ವಲ್ಪ ಹೊತ್ತು ಮಾತ್ರ ಇರುತ್ತದೆ. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಕೋವಿ, ವಿಷ, ಹೆಚ್ಚಿನ ಮಾತ್ರೆ ಇವುಗಳನ್ನು ಬೀಗದೊಳಗೆ ಅಥವಾ ಬೇರೆಯವರ ವಶದಲ್ಲಿ ಇಡಿ.

ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೊದಲ ಮೂರು ತಿಂಗಳು ಹೆಚ್ಚು ಜಾಗ್ರತೆ ಬೇಕು. "ಗುಣವಾಗಿ ಬಂದ್ರಲ್ಲ, ಇನ್ನೇನು" ಎಂದು ಕೈಬಿಡುವ ಹೊತ್ತು ಇದಲ್ಲ.

ಮಹಿಳೆಯರೂ ಸೈನಿಕರೇ

ಸೈನ್ಯದಲ್ಲಿ ಮಹಿಳೆಯರೂ ಇದ್ದಾರೆ. ಅವರಲ್ಲಿ ಕೆಲವರಿಗೆ ಪೆಟ್ಟಾದದ್ದು ಶತ್ರುಗಳಿಂದಲ್ಲ, ಜೊತೆ ಕೆಲಸ ಮಾಡುವವರ ಲೈಂಗಿಕ ದೌರ್ಜನ್ಯದಿಂದ. ಪುರುಷರಲ್ಲೂ ಇಂಥ ನೋವು ಉಂಡವರಿದ್ದಾರೆ. ಆದ್ದರಿಂದ ಅಮೆರಿಕದ ಮಾಜಿ ಸೈನಿಕರ ಆರೋಗ್ಯ ಸೇವೆಗೆ ಬರುವ ಎಲ್ಲರಿಗೂ, ಗಂಡು ಹೆಣ್ಣು ಎನ್ನದೆ, ಈ ಪ್ರಶ್ನೆಯನ್ನು ಗುಟ್ಟಾಗಿ ಕೇಳುತ್ತಾರೆ. ವಸತಿ ನಿಲಯಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ, ಭದ್ರವಾದ ಮಲಗುವ ಜಾಗ ಇರುತ್ತದೆ. ಇಂಥವರ ಕೋಣೆಗೆ ನರ್ಸ್ ಬಾಗಿಲು ತಟ್ಟದೆ ಹೋಗುವುದಿಲ್ಲ, ಕೇಳದೆ ಮೈ ಮುಟ್ಟುವುದಿಲ್ಲ. ಬಿ.ಪಿ. ಪಟ್ಟಿ ಕಟ್ಟುವಾಗಲೂ "ಕೈಗೆ ಕಟ್ಟಲಾ?" ಎಂದು ಕೇಳುತ್ತಾರೆ. ಒಮ್ಮೆ ತನ್ನ ಮೈಮೇಲಿನ ಅಧಿಕಾರ ಕಳೆದುಕೊಂಡವರಿಗೆ ಈ ಚಿಕ್ಕ ಪ್ರಶ್ನೆ ಅದನ್ನು ಮರಳಿ ಕೊಡುತ್ತದೆ.

ಕಷ್ಟ ಉಂಡವರೇ ಕೈಹಿಡಿಯುವುದು

ಈ ಸೇವೆಯಲ್ಲಿ ಸಮಾನ ಅನುಭವದ ಸಹಾಯಕರು ಎಂಬ ಹುದ್ದೆ ಇದೆ. ತಾವೂ ಮಾಜಿ ಸೈನಿಕರಾಗಿದ್ದು, ಕಾಯಿಲೆಯಿಂದ ಚೇತರಿಸಿಕೊಂಡು, ತರಬೇತಿ ಪಡೆದವರನ್ನು ಸಂಬಳ ಕೊಟ್ಟು ನೇಮಿಸುತ್ತಾರೆ. "ನನಗೂ ಹೀಗೇ ಆಗಿತ್ತು" ಎಂಬ ಮಾತಿಗೆ ಇರುವ ಶಕ್ತಿ ಔಷಧಕ್ಕೆ ಇಲ್ಲ. ಈ ವಿಷಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವ-ಸಹಾಯ ಸಂಘ ನಿಂತಿರುವುದೇ ಇದರ ಮೇಲೆ.

ನಮ್ಮಲ್ಲಿ ಏನಿದೆ?

* ಪಿಂಚಣಿ ಪಡೆಯುವ ಮಾಜಿ ಸೈನಿಕರು ಮತ್ತು ಅವರ ಅವಲಂಬಿತರಿಗೆ 2003ರ ಏಪ್ರಿಲ್‌ನಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆ ಇದೆ. ಅದರ ಪಾಲಿಕ್ಲಿನಿಕ್‌ನಲ್ಲಿ ಮನಸ್ಸಿನ ತೊಂದರೆಯನ್ನೂ ಹೇಳಿಕೊಳ್ಳಿ. ಅಲ್ಲಿಂದ ಮನೋವೈದ್ಯರಿಗೆ ಚೀಟಿ ಬರೆದುಕೊಡುತ್ತಾರೆ.
* ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಮಾಜಿ ಸೈನಿಕರ ಕುಟುಂಬಕ್ಕೆ ಇರುವ ಸೌಲಭ್ಯದ ಮಾಹಿತಿ ಸಿಗುತ್ತದೆ.
* ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗ ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು.
* ಟೆಲಿ ಮಾನಸ್ ಉಚಿತ ಸಹಾಯವಾಣಿ 14416. 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆ ಮಾಡಬಹುದು.
* 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಸರಪಳಿಯಿಂದ ಕಟ್ಟಿಹಾಕುವುದನ್ನು ಈ ಕಾಯ್ದೆ ನಿಷೇಧಿಸಿದೆ.

ನೋಡಿಕೊಳ್ಳುವವಳನ್ನು ಯಾರು ನೋಡಿಕೊಳ್ಳಬೇಕು?

ನರ್ಸ್‌ಗೆ ಪಾಳಿ ಇದೆ. ಎಂಟು ಗಂಟೆಯೋ ಹನ್ನೆರಡು ಗಂಟೆಯೋ ಮುಗಿದರೆ ಇನ್ನೊಬ್ಬರಿಗೆ ವಿಷಯ ಒಪ್ಪಿಸಿ ಮನೆಗೆ ಹೋಗುತ್ತಾರೆ. ಮನೆಯ ಹೆಣ್ಣಿಗೆ ಪಾಳಿ ಇಲ್ಲ. ರಾತ್ರಿ ಅವರ ಜೊತೆ ಎದ್ದಿರಬೇಕು, ಬೆಳಿಗ್ಗೆ ಕೂಲಿಗೋ ಹಸುವಿನ ಕೆಲಸಕ್ಕೋ ಹೋಗಬೇಕು. ಹೀಗೇ ವರ್ಷಗಟ್ಟಲೆ ನಡೆದರೆ ಅವಳೇ ಕಾಯಿಲೆ ಬೀಳುತ್ತಾಳೆ. ಆಕೆ ಸಭೆಗೆ ಬಾರದಿದ್ದರೆ ದಂಡ ಹಾಕುವ ಮೊದಲು ಮನೆಗೆ ಹೋಗಿ ವಿಚಾರಿಸೋಣ. ವಾರಕ್ಕೊಂದು ಮಧ್ಯಾಹ್ನ ಒಬ್ಬರು ಅವರ ಮನೆಯಲ್ಲಿ ಕೂತರೆ ಆಕೆ ನಿಶ್ಚಿಂತೆಯಿಂದ ಒಂದು ನಿದ್ದೆ ಮಾಡಬಹುದು. ಆಸ್ಪತ್ರೆಗೆ ಹೋಗುವ ದಿನ ಒಬ್ಬರು ಜೊತೆಗೆ ಹೋಗಬಹುದು.

ಇನ್ನೊಂದನ್ನು ಸ್ಪಷ್ಟವಾಗಿ ಹೇಳಬೇಕು. ಕಾಯಿಲೆ ಇದೆ ಎಂದು ಹೊಡೆತ ತಿನ್ನಬೇಕಾಗಿಲ್ಲ. ನಿಲಯದಲ್ಲೂ ಯಾರಾದರೂ ಕೈಯೆತ್ತಿದರೆ ನರ್ಸ್ ದೂರ ಸರಿದು ಸಹಾಯಕ್ಕೆ ಕರೆಯುತ್ತಾರೆ, ಒಬ್ಬರೇ ಎದುರಿಸುವುದಿಲ್ಲ. ನೀವೂ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಯಾರ ಮನೆಗೆ ಹೋಗುವುದೆಂದು ಮೊದಲೇ ನಿಶ್ಚಯಿಸಿಡಿ. ತುರ್ತು ಇದ್ದರೆ 112ಕ್ಕೆ ಕರೆ ಮಾಡಿ.

ಇಷ್ಟು ನೆನಪಿಡಿ

* ಮಾಡಿಕೊಡಬೇಡಿ, ಜೊತೆ ನಿಂತು ಮಾಡಿಸಿ.
* ಬೈಯುವ ಮೊದಲು ಯಾಕೆ ಎಂದು ಕೇಳಿ.
* ನಿದ್ದೆ, ಊಟ, ಸ್ನಾನ ಈ ಮೂರರ ಮೇಲೆ ಕಣ್ಣಿಡಿ, ಕಂಡದ್ದನ್ನು ಬರೆದಿಡಿ.
* ಮಲಗಿದ್ದಾಗ ಮುಟ್ಟಿ ಎಬ್ಬಿಸಬೇಡಿ.
* ವಿಪರೀತ ಕುಡಿತವನ್ನು ವೈದ್ಯರ ಸಹಾಯದಿಂದಲೇ ಬಿಡಿಸಿ.
* ಸಾಯುವ ಮಾತನ್ನು ನೇರವಾಗಿ ಕೇಳಿ, ಅಪಾಯದ ವಸ್ತು ದೂರವಿಡಿ.

ಸಂಘದ ಸಭೆಯಲ್ಲಿ ಚರ್ಚೆಗೆ

1. ನಮ್ಮ ಊರಿನಲ್ಲಿ ಮಾಜಿ ಸೈನಿಕರ ಕುಟುಂಬಗಳು ಎಷ್ಟಿವೆ? ಅವರ ಮನೆಯ ಹೆಣ್ಣುಮಕ್ಕಳು ನಮ್ಮ ಸಂಘದಲ್ಲಿ ಇದ್ದಾರೆಯೇ?
2. ಮನಸ್ಸಿನ ಕಾಯಿಲೆ ಇರುವವರಿಗೆ ನಾವು ಯಾವ ಯಾವ ಹೆಸರು ಇಟ್ಟು ಕರೆಯುತ್ತೇವೆ? ಅದರಿಂದ ಆ ಮನೆಯವರಿಗೆ ಏನನಿಸುತ್ತದೆ?
3. ಮನೆಯಲ್ಲಿ ಕಾಯಿಲೆಯವರ ಯಾವ ಕೆಲಸವನ್ನು ನಾವು ಮಾಡಿಕೊಡುತ್ತಿದ್ದೇವೆ? ಅದರಲ್ಲಿ ಯಾವುದನ್ನು ಅವರ ಕೈಗೇ ಮರಳಿ ಕೊಡಬಹುದು?
4. ನಮ್ಮ ಮನೆಗಳಲ್ಲಿ ಕೀಟನಾಶಕ ಎಲ್ಲಿ ಇಟ್ಟಿದ್ದೇವೆ? ಈ ವಾರ ಅದನ್ನು ಬೀಗ ಹಾಕಿ ಇಡಲು ಸಾಧ್ಯವೇ?

ಸಭೆ ಮುಗಿಯುವ ಮೊದಲು 14416 ಎಂಬ ನಂಬರನ್ನು ಪ್ರತಿಯೊಬ್ಬರೂ ತಮ್ಮ ಪಾಸ್‌ಬುಕ್‌ನ ಹಿಂಭಾಗದಲ್ಲಿ ಬರೆದುಕೊಳ್ಳಲಿ. ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡಲಿ.